ಎಲೆ ತಿರುಗಿಸಿ ನೋಡುವ ತೋಟ

ಮಲೆನಾಡಿನ ಸೆರಗಿನಲ್ಲಿ, ಅಡಿಕೆ ತೋಟ ಮುಗಿದು ಗುಡ್ಡದ ಏರು ಶುರುವಾಗುವಲ್ಲಿ ಒಂದು ಹೂವಿನ ತೋಟವಿದೆ. ಹೊರಗಿನಿಂದ ನೋಡಿದರೆ ನರ್ಸರಿ ಅನ್ನಿಸುತ್ತದೆ. ಆದರೆ ಗೇಟಿನ ಬಳಿ ದರಪಟ್ಟಿ ಇಲ್ಲ, ಗಿಡ ಕೊಳ್ಳಲು ಬಂದವರ ಗಾಡಿಗಳೂ ಇಲ್ಲ. ನಾವೆಲ್ಲ ಲಿಲ್ಲಿ ಎಂದು ಕರೆಯುವ ಗಿಡಗಳಷ್ಟೇ ಇಲ್ಲಿರುವುದು. ಮಳೆ ಲಿಲ್ಲಿ, ಸ್ಪೈಡರ್ ಲಿಲ್ಲಿ, ಕ್ರೈನಮ್, ಬೇಸಿಗೆಯಲ್ಲಿ ದೊಡ್ಡ ಕೆಂಪು ಹೂ ಬಿಡುವ ಹಿಪಿಯಾಸ್ಟ್ರಮ್, ಬೇಲಿಗೆ ಹಬ್ಬಿದ ಗೌರಿ ಹೂ, ಮತ್ತು ಪಾಲಿಹೌಸಿನೊಳಗೆ ಏಷ್ಯಾಟಿಕ್, ಓರಿಯೆಂಟಲ್ ತಳಿಯ ಲಿಲ್ಲಿಗಳು.

ನಾನು ಹೋದದ್ದು ಹುಬ್ಬೆ ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಗ್ಗೆ. ಹೂ ನೋಡುವುದಕ್ಕೆ ಬೇರೆ ತಿಂಗಳುಗಳಿವೆ, ರೋಗ ನೋಡುವುದಕ್ಕೆ ಮಳೆಗಾಲದ ಈ ಕೊನೆಯೇ ಸರಿ ಎಂದು ಯಾರೋ ಹೇಳಿದ್ದರು. ಹೂಗಿಡ ಬೆಳೆಸುವ ಪರಿಚಯದವರೆಲ್ಲ ಈ ದಿನಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: “ಲಿಲ್ಲಿ ಎಲೆ ಹಾಳಾಗ್ತಿದೆ, ಯಾವ ಔಷಧಿ ಹೊಡೀಲಿ?” ಅದಕ್ಕೊಂದು ಉತ್ತರ ಸಿಕ್ಕೀತು ಎಂಬ ಆಸೆ ನನಗಿತ್ತು.

ತೋಟದ ಉಸ್ತುವಾರಿ ಒಬ್ಬ ಹಿರಿಯ ಹೆಂಗಸಿನದು. ಕೆಲಸದವರೆಲ್ಲ ಅವರನ್ನು ಅಮ್ಮ ಅನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಬಂದ ಕಾರಣ ಹೇಳಿ, ಔಷಧಿ ಎಲ್ಲಿಡುತ್ತೀರಿ ಎಂದು ಕೇಳಿದೆ. “ಮದ್ದಿನ ಕೋಣೆ ಕೊನೆಗೆ. ಮೊದಲು ಗಿಡ ನೋಡುವ, ಬನ್ನಿ ಮಾರಾಯ್ರೆ” ಎಂದು ಕೊರಳಿಗೆ ದಾರ ಕಟ್ಟಿ ಹಾಕಿಕೊಂಡಿದ್ದ ಪುಟ್ಟ ಭೂತಗನ್ನಡಿಯನ್ನು ಸರಿ ಮಾಡಿಕೊಂಡರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮಡಚುವ ಗಾಜು ಅದು. ನನ್ನ ಕೈಗೂ ಒಂದು ಕೊಟ್ಟರು.

ಗೇಟು ದಾಟಿದ ಕೂಡಲೇ ಎಡಗಡೆ, ಉಳಿದ ತೋಟದಿಂದ ದೂರವಾಗಿ, ಕಲ್ಲುಚಪ್ಪಡಿಯ ಮೇಲೆ ಕುಂಡಗಳ ಸಾಲೊಂದಿದೆ. ಹೊಸದಾಗಿ ಬಂದ ಗಿಡಗಳಿಗೆ ಇದು ತಂಗುದಾಣ. ಯಾರದೋ ಮನೆಯಿಂದ ಪ್ರೀತಿಗೆ ಕೊಟ್ಟ ಗೆಡ್ಡೆಯಾಗಲಿ, ಅಂಗಡಿಯಿಂದ ತಂದದ್ದಾಗಲಿ, ಒಂದು ಸುತ್ತು ಹೊಸ ಎಲೆ ಬಿಟ್ಟು ಅದು ಚೊಕ್ಕಟವಾಗಿದೆ ಎಂದು ಖಾತ್ರಿಯಾಗುವವರೆಗೆ ಇಲ್ಲೇ ಇರಬೇಕು. ಇಲ್ಲಿಗೆಂದೇ ಬೇರೆ ಕತ್ತರಿ, ಬೇರೆ ನೀರಿನ ಪಾತ್ರೆ. ಇದು ತೀರಾ ಅತಿಯಾಯಿತೇನೋ ಎಂದು ಆಗ ಅನ್ನಿಸಿತು. ತೋಟದ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಹಾಗೆ ಅನ್ನಿಸಲಿಲ್ಲ.

ಮೊದಲು ಸಿಕ್ಕಿದ್ದು ಸ್ಪೈಡರ್ ಲಿಲ್ಲಿ ಮತ್ತು ಕ್ರೈನಮ್ ಗಿಡಗಳ ಉದ್ದನೆಯ ಪಾತಿ. ದೂರದಿಂದ ಹಸಿರೇ ಹಸಿರು. ಹತ್ತಿರ ಹೋದರೆ ಪಾತಿಯ ಒಂದು ಮೂಲೆಯಲ್ಲಿ ಮಾತ್ರ ಎಲೆಗಳು ತುದಿಯಿಂದ ಬುಡದ ಕಡೆಗೆ ಹರಿದುಹೋಗಿದ್ದವು. ನಾಲ್ಕು ಗಿಡಗಳ ಎಲೆ ಅರ್ಧಕ್ಕರ್ಧ ಖಾಲಿ, ಅದರ ಪಕ್ಕದ ಗಿಡಕ್ಕೆ ಏನೂ ಆಗಿಲ್ಲ. ತಿಂದವರು ಅಲ್ಲೇ ಇದ್ದರು. ಕಪ್ಪು ಮೈ, ಮೈಮೇಲೆ ಬಿಳಿ ಚುಕ್ಕಿ, ನಡುನಡುವೆ ಕೆಂಪು ಮಚ್ಚೆ. ಹಗಲು ಬೆಳಕಿನಲ್ಲಿ, ಯಾರ ಹೆದರಿಕೆಯೂ ಇಲ್ಲದೆ ಗುಂಪಾಗಿ ಮೇಯುತ್ತಿದ್ದವು. ಲಿಲ್ಲಿ ಪತಂಗದ ಮರಿಹುಳುಗಳಿವು. ಪಾಲಿಟೆಲಾ ಗ್ಲೋರಿಯೋಸೆ ಎಂಬುದು ಇದರ ಶಾಸ್ತ್ರೀಯ ಹೆಸರು. ಗ್ಲೋರಿಯೋಸಾ, ಅಂದರೆ ಗೌರಿ ಹೂವಿನ ಬಳ್ಳಿಯನ್ನೂ ಇದು ಬಿಡುವುದಿಲ್ಲ ಎಂಬುದು ಆ ಹೆಸರಿನಲ್ಲೇ ಇದೆ.

ಪಾತಿಯ ಈ ಗಿಡಗಳ ರಸದಲ್ಲಿ ಲೈಕೋರಿನ್ ಎಂಬ ವಿಷವಿದೆ. ದನ ಬಾಯಿ ಹಾಕುವುದಿಲ್ಲ, ಬೇಲಿಯ ಬದಿಗೆ ನೆಟ್ಟರೂ ಉಳಿದುಕೊಳ್ಳುತ್ತವೆ. ಈ ಹುಳುವಿಗೆ ಮಾತ್ರ ಅದೇ ಆಹಾರ. ವಿಷ ತಿಂದು ಬೆಳೆಯುವ ಹುಳು ಬಣ್ಣ ತೋರಿಸಿಕೊಂಡು ತಿರುಗಿದರೂ ಹಕ್ಕಿಗಳು ಅದರ ಗೋಜಿಗೆ ಹೋಗುವುದು ಕಡಿಮೆ. ಹಾಗಾಗಿ ಇದನ್ನು ಹಕ್ಕಿಗಳ ಪಾಲಿಗೆ ಬಿಟ್ಟು ಸುಮ್ಮನಿರುವಂತಿಲ್ಲ.

ಅಮ್ಮ ಒಂದು ಎಲೆಯನ್ನು ಮಗುಚಿದರು. ಅಡಿಭಾಗದಲ್ಲಿ ತೆಳು ಹಳದಿಯ ಮೊಟ್ಟೆಗಳು ಒತ್ತೊತ್ತಾಗಿ ಕೂತಿದ್ದವು. “ಮೇಲಿಂದ ನೋಡಿದ್ರೆ ಈ ಗಿಡಕ್ಕೆ ಏನೂ ಆಗಿಲ್ಲ, ಅಲ್ವಾ?” ಎಂದು ಆ ಭಾಗವನ್ನಷ್ಟೇ ಚಿವುಟಿ ಕೈಯಲ್ಲಿದ್ದ ಡಬ್ಬಕ್ಕೆ ಹಾಕಿದರು. ಡಬ್ಬದಲ್ಲಿ ಸಾಬೂನು ನೀರು. ದೊಡ್ಡ ಹುಳುಗಳನ್ನೂ ಕಡ್ಡಿಯಿಂದ ಅದಕ್ಕೇ ತಳ್ಳಿದರು. ಈ ಪಾತಿಗೆ ಅವರು ಮಾಡುವ ಮುಖ್ಯ ಚಿಕಿತ್ಸೆ ಇದು. ಮೊಟ್ಟೆ ಒಡೆದ ಹೊಸತರಲ್ಲಿ ಮರಿಗಳು ಒಂದೇ ಎಲೆಯ ಮೇಲೆ ಗುಂಪಾಗಿದ್ದು ಹಸಿರನ್ನು ಕೆರೆದು ತಿನ್ನುತ್ತವೆ. ಆಗ ಒಂದು ಎಲೆ ಚಿವುಟಿದರೆ ಇಡೀ ಸಂಸಾರ ಹೋಗುತ್ತದೆ. ವಾರ ಬಿಟ್ಟು ಬಂದರೆ ಅವು ಪಾತಿಯೆಲ್ಲ ಹರಡಿರುತ್ತವೆ. ಹುಳು ಹೆಚ್ಚಿದಾಗ ಬೇವಿನ ಎಣ್ಣೆಯನ್ನು ಲೀಟರ್ ನೀರಿಗೆ 5 ಮಿಲಿಯಂತೆ, ಕರಗಲು ಸ್ವಲ್ಪ ಸಾಬೂನು ಸೇರಿಸಿ ಸಂಜೆ ಹೊಡೆಯುತ್ತಾರೆ. ಬಿಟಿ ಪುಡಿಯನ್ನೂ ಬಳಸುತ್ತಾರಂತೆ. ಅದು ಹುಳುವಿನ ಹೊಟ್ಟೆ ಸೇರಿದರಷ್ಟೇ ಕೆಲಸ ಮಾಡುವ ಬ್ಯಾಕ್ಟೀರಿಯಾ, ಮರಿಗಳ ಮೇಲೆ ಹಿಡಿದಷ್ಟು ಬಲಿತ ಹುಳುಗಳ ಮೇಲೆ ಹಿಡಿಯುವುದಿಲ್ಲ.

ಬಲಿತ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ. ಅದಕ್ಕೇ ಗಿಡದ ಬುಡದ ಮೇಲ್ಮಣ್ಣನ್ನು ಆಗಾಗ ಕೆದಕುತ್ತಿರುತ್ತಾರೆ. ಕೋಶದಿಂದ ಹೊರಬಂದ ಪತಂಗವೊಂದು ಪಾತಿಯ ಕೊನೆಯಲ್ಲಿ ಕೂತಿತ್ತು. ಕಸೂತಿ ಹಾಕಿದ ಖಣದ ತುಂಡೊಂದು ಎಲೆಯ ಮೇಲೆ ಬಿದ್ದಿದೆಯೇನೋ ಅನ್ನಬೇಕು, ಹಾಗಿದ್ದವು ಅದರ ಕಪ್ಪು ರೆಕ್ಕೆಯ ಮೇಲಿನ ಕೆಂಪು, ಹಳದಿ ಚುಕ್ಕಿಗಳು. ಗೊತ್ತಿಲ್ಲದವರು ಚಿಟ್ಟೆಯೆಂದು ಸಂತೋಷಪಟ್ಟು ಮುಂದೆ ಹೋಗುವಂಥ ಅಂದ.

ಅದೇ ಪಾತಿಯ ಒಂದು ಕ್ರೈನಮ್ ಗಿಡದ ಎಲೆಯಲ್ಲಿ ಬೇರೆಯದೇ ಗುರುತು ಕಂಡಿತು. ಅಂಚು ಹರಿದಿರಲಿಲ್ಲ. ಎಲೆಯ ನಡುಭಾಗ ಬಿಳಿಚಿಕೊಂಡು ಪೊರೆಯಾಗಿತ್ತು, ಒಳಗೆ ಕಪ್ಪು ಹಿಕ್ಕೆ. ಇದು ಇನ್ನೊಂದು ಪತಂಗದ ಮರಿ, ಬ್ರಿಥಿಸ್ ಕ್ರಿನಿ ಎಂಬುದರದ್ದು ಎಂದರು. ಎಲೆಯ ಎರಡು ಪದರಗಳ ನಡುವೆ ಕೊರೆದು, ಹಾಗೆಯೇ ಬುಡಕ್ಕಿಳಿದು ಗೆಡ್ಡೆಯನ್ನೇ ಸೇರುವ ಹುಳು. ಪೊರೆ ಬಿಡಿಸಿ ನೋಡಿದಾಗ ಹುಳು ಇರಲಿಲ್ಲ. ಕೆಳಗಿಳಿಯಿತೋ, ಬೇರೆ ಎಲೆಗೆ ಹೋಯಿತೋ ತಿಳಿಯಲಿಲ್ಲ. ಅಮ್ಮ ಅನುಮಾನಕ್ಕೆ ಜಾಗ ಕೊಡದೆ ಆ ಎಲೆಯನ್ನು ಬುಡದವರೆಗೆ ಕತ್ತರಿಸಿ, ಗಿಡಕ್ಕೊಂದು ಕೆಂಪು ದಾರ ಕಟ್ಟಿದರು. ಕೆಂಪು ದಾರವೆಂದರೆ ಮತ್ತೆ ನೋಡಬೇಕಾದ ಗಿಡ. ಕಣ್ಣಾಡಿಸಿದೆ, ತೋಟದಲ್ಲಿ ಅಲ್ಲಲ್ಲಿ ಇಂಥ ದಾರಗಳಿದ್ದವು.

ಮಳೆ ಲಿಲ್ಲಿಯ ಅಂಚುಗಳನ್ನು ಬೇಗ ದಾಟಿದೆವು. ತೆಳು ಎಲೆಯ ಈ ಗಿಡಗಳಿಗೆ ಹೇಳಿಕೊಳ್ಳುವಂಥ ತೊಂದರೆ ಕಾಣಲಿಲ್ಲ. ಅದರ ಆಚೆಯ ಕಲ್ಲಿನ ಕಟ್ಟೆಯ ಬುಡದಲ್ಲಿ ಮಾತ್ರ ಒದ್ದೆ ಗೋಣಿಚೀಲಗಳು ಮಡಚಿ ಬಿದ್ದಿದ್ದವು. ಎತ್ತಿದರೆ ಅಡಿಯಲ್ಲಿ ಆಫ್ರಿಕಾದ ದೈತ್ಯ ಬಸವನಹುಳುಗಳು, ಕೆಲವು ನನ್ನ ಅಂಗೈ ಉದ್ದ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಕ್ಕೆ ಬಂದದ್ದೆಂದು ಹೇಳುವ ಈ ಜೀವಿ ಈಗ ನಮ್ಮ ಅಡಿಕೆ, ಕಾಫಿ, ತರಕಾರಿ ತೋಟಗಳಿಗೂ ತಲೆನೋವು. ರಾತ್ರಿ ಮೇದು ಹಗಲು ಅಡಗುತ್ತವೆ. ಎಲೆಯಲ್ಲಿ ದೊಡ್ಡ ಒರಟು ತೂತು, ಪಕ್ಕದಲ್ಲಿ ಒಣಗಿ ಹೊಳೆಯುವ ಲೋಳೆಯ ಗೆರೆ. ಮರಿಹುಳು ತಿಂದದ್ದಕ್ಕೂ ಇದು ತಿಂದದ್ದಕ್ಕೂ ವ್ಯತ್ಯಾಸ ಹೇಳುವುದು ಆ ಗೆರೆಯೇ. ಗೋಣಿಯ ಅಡಿಗೆ ಪಪ್ಪಾಯಿ ಎಲೆ ಹಾಕಿ ಆಕರ್ಷಿಸಿ, ಬೆಳಗ್ಗೆ ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕುತ್ತಾರೆ. ಬರಿಗೈಯಲ್ಲಿ ಮುಟ್ಟಬಾರದು, ಮನುಷ್ಯರಿಗೆ ಕಾಯಿಲೆ ತರುವ ಜಂತುಗಳನ್ನು ಇವು ಹೊತ್ತಿರುತ್ತವೆ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಯನ್ನು ಇಲ್ಲಿ ಇಡುವುದಿಲ್ಲ. ನಾಯಿ ತಿಂದರೆ ಅದರ ಪ್ರಾಣಕ್ಕೇ ಅಪಾಯ, ತೋಟದಲ್ಲಿ ಎರಡು ನಾಯಿಗಳಿವೆ.

ಅಲ್ಲಿಂದ ನೆರಳು ಪರದೆಯ ಕೆಳಗೆ, ಹಿಪಿಯಾಸ್ಟ್ರಮ್ ಕುಂಡಗಳ ಸಾಲಿಗೆ ಬಂದೆವು. ಇಡೀ ಸುತ್ತಾಟದಲ್ಲಿ ನಾನು ಹೆಚ್ಚು ಹೊತ್ತು ನಿಂತ ಜಾಗ ಇದು. ಹೂವಿನ ಕಾಲ ಮುಗಿದು ಬರೀ ಪಟ್ಟಿ ಎಲೆಗಳಿದ್ದವು, ಹಲವು ಎಲೆಗಳ ಮೇಲೆ ಕೆಂಪು. ಇದೊಂದು ರೋಗ, ಇದಕ್ಕೊಂದು ಔಷಧಿ ಎಂದೇ ನಾನು ಭಾವಿಸುತ್ತಿದ್ದೆನೇನೋ. ಅಮ್ಮ ಮೂರು ಕುಂಡ ಎತ್ತಿ ಒಂದರ ಪಕ್ಕ ಒಂದಿಟ್ಟು, “ಯಾವುದು ಏನು ಹೇಳಿ ನೋಡುವ” ಅಂದರು.

ಮೊದಲನೆಯದರಲ್ಲಿ ಎಲೆಯ ಮೇಲೂ ಒಣಗಿದ ಹೂದಂಟಿನ ಮೇಲೂ ಉದ್ದುದ್ದನೆಯ ಕೆಂಪು ಮಚ್ಚೆಗಳಿದ್ದವು. ನಡುವೆ ಗುಳಿಬಿದ್ದು ಕಂದು ಬಣ್ಣಕ್ಕೆ ತಿರುಗಿದ್ದವು, ಮಚ್ಚೆ ಇದ್ದ ಕಡೆ ಎಲೆ ಮಡಚಿಕೊಂಡಿತ್ತು. ಎರಡನೆಯದರಲ್ಲಿ ಮಚ್ಚೆಗಿಂತ ಹೆಚ್ಚಾಗಿ ಗೆರೆ. ಎಲೆಯ ಅಂಚಿನುದ್ದಕ್ಕೂ ಕೆಂಪು ಗೀಟು, ಅಂಚಿನಲ್ಲಿ ಗರಗಸದ ಕಚ್ಚು, ಎಲೆ ಕುಡುಗೋಲಿನ ಆಕಾರಕ್ಕೆ ಬಾಗಿತ್ತು. ಮೂರನೆಯದರಲ್ಲಿ ಒಂದೇ ಎಲೆಯಲ್ಲಿ, ಅದೂ ಅಡ್ಡಕ್ಕೆ ಮುರಿದ ಜಾಗದಲ್ಲಿ ಮಾತ್ರ ಕೆಂಪು.

ನನಗೆ ಮೂರನೆಯದು ಮಾತ್ರ ಹೊಳೆಯಿತು, ಅದು ಪೆಟ್ಟು ಬಿದ್ದದ್ದು. ಹಿಪಿಯಾಸ್ಟ್ರಮ್ ಗಿಡಕ್ಕೆ ಎಲ್ಲಿ ಗಾಯವಾದರೂ ಅಲ್ಲಿ ಕೆಂಪು ಬಣ್ಣ ಬರುತ್ತದೆ. ಗಾಯ ಮಾಡಿದ್ದು ಶಿಲೀಂಧ್ರವೋ, ನುಸಿಯೋ, ಕುಂಡ ತಾಗಿ ಆದದ್ದೋ ಎಂಬುದನ್ನು ಬಣ್ಣ ಹೇಳುವುದಿಲ್ಲ, ಆಕಾರ ಹೇಳುತ್ತದೆ. ಮೊದಲನೆಯದು ಸ್ಟಾಗೊನೊಸ್ಪೋರಾ ಎಂಬ ಶಿಲೀಂಧ್ರದಿಂದ ಬರುವ ಕೆಂಪುಮಚ್ಚೆ ರೋಗ. ಎರಡನೆಯದು ಗೆಡ್ಡೆಯ ಪದರಗಳ ನಡುವೆ, ಕುತ್ತಿಗೆಯ ಹತ್ತಿರ ಬದುಕುವ ಕಣ್ಣಿಗೆ ಕಾಣದ ನುಸಿಯ ಕೆಲಸ. ಶಿಲೀಂಧ್ರನಾಶಕ ಎಷ್ಟು ಹೊಡೆದರೂ ನುಸಿ ಸಾಯುವುದಿಲ್ಲ, ನುಸಿಯ ಔಷಧಿಯಿಂದ ಮಚ್ಚೆ ನಿಲ್ಲುವುದಿಲ್ಲ. ಮೂರನೆಯದಕ್ಕೆ ಏನೂ ಬೇಕಿಲ್ಲ. ಯಾವ ಔಷಧಿ ಹೊಡೆಯಲಿ ಎಂಬ ಪ್ರಶ್ನೆಗೆ ಒಂದೇ ಉತ್ತರ ಏಕೆ ಸಿಗದು ಎಂಬುದು ಈ ಮೂರು ಕುಂಡಗಳ ಮುಂದೆ ನನಗೆ ಸ್ಪಷ್ಟವಾಯಿತು.

ಮಚ್ಚೆ ರೋಗದ ಗಿಡಕ್ಕೆ ಇಲ್ಲಿ ಮಾಡುವುದು ಇಷ್ಟು: ಮಚ್ಚೆಯಿರುವ ಎಲೆ ಕತ್ತರಿಸಿ ತೆಗೆಯುವುದು, ಗೆಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಬರುವಂತೆ ನೆಡುವುದು, ನೆತ್ತಿಯ ಮೇಲೆ ನೀರು ಸುರಿಯದಿರುವುದು, ಹೊಸ ಎಲೆ ಹೊರಡುವಾಗ ತಾಮ್ರದ ಶಿಲೀಂಧ್ರನಾಶಕವನ್ನು ಹದವಾಗಿ ಸಿಂಪಡಿಸುವುದು. ನುಸಿ ಹತ್ತಿದ ಗೆಡ್ಡೆಯನ್ನು ಉಳಿಸಲು ಹೆಣಗುವುದಿಲ್ಲ. ಅಪರೂಪದ ತಳಿಯಾದರೆ ಮಾತ್ರ ಅಳತೆಯ ಬಿಸಿನೀರಿನಲ್ಲಿ ಅದ್ದುತ್ತಾರೆ, ಉಳಿದದ್ದೆಲ್ಲ ಗುಂಡಿಗೆ.

ಸಾಲಿನ ಕೊನೆಯ ಕುಂಡದಲ್ಲಿ ಇರುವೆಗಳು ಹತ್ತಿಳಿಯುತ್ತಿದ್ದವು. ಎಲೆಗಳನ್ನು ಬುಡದಲ್ಲಿ ಬಿಡಿಸಿದಾಗ ಒಳಗೆ ಬಿಳಿ ಹತ್ತಿ ಸಿಕ್ಕಿಕೊಂಡಂತೆ ಹಿಟ್ಟು ತಿಗಣೆ. ಅದು ಸುರಿಸುವ ಸಿಹಿಯಂಟಿಗೆ ಇರುವೆ ಬರುತ್ತದೆ, ತಿಗಣೆಯನ್ನು ಕಾಯುತ್ತದೆ. ಅದೇ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಕಪ್ಪನ್ನು ನೋಡಿ ಶಿಲೀಂಧ್ರದ ಔಷಧಿ ತರುವವರೇ ಹೆಚ್ಚಂತೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ತಿಗಣೆ ಒರೆಸಿ, ಬೇವಿನ ಎಣ್ಣೆ ಹೊಡೆದು, ಇರುವೆಯ ದಾರಿ ತಪ್ಪಿಸಿದರೆ ಬೂಷ್ಟು ತಾನಾಗಿ ಒಣಗಿ ಉದುರುತ್ತದೆ.

ಪಾಲಿಹೌಸಿನ ಬಾಗಿಲಲ್ಲಿ ಸುಣ್ಣದ ಪುಡಿ ಹರಡಿದ ತಟ್ಟೆ ಇತ್ತು, ಚಪ್ಪಲಿ ಅದ್ದಿ ಒಳಗೆ ಹೋದೆವು. ಅಲ್ಲಿಯವರೆಗೆ ಹೊರಗೆ ನೋಡಿದವೆಲ್ಲ ಸೆಕೆಯ ನಾಡಿಗೆ ಹೊಂದಿಕೊಂಡ ಗಿಡಗಳು. ಒಳಗಿನವು ಲಿಲಿಯಮ್, ತಂಪು ಬಯಸುವಂಥವು. ದಕ್ಷಿಣ ಭಾರತದ ಕಾಡಿನಲ್ಲಿ, ನೀಲಗಿರಿಯ ಎತ್ತರದ ಹುಲ್ಲುಗಾವಲಿನಲ್ಲಿ ಇದರದ್ದೇ ಒಂದು ಬಿಳಿ ಹೂವಿನ ಜಾತಿ ಇದೆ. ಮಾರುಕಟ್ಟೆಯ ಬಣ್ಣದ ತಳಿಗಳ ಗೆಡ್ಡೆ ಮಾತ್ರ ಹೆಚ್ಚಾಗಿ ಹಾಲೆಂಡಿನಿಂದ ಬರುತ್ತದೆ.

ಒಳಗಿನ ಗೋಡೆಗೆ ಲಿಲ್ಲಿಯ ಕೀಟಗಳ ಹಳೆಯ ಭಿತ್ತಿಚಿತ್ರವೊಂದನ್ನು ಅಂಟಿಸಿದ್ದರು. ನಡುವೆ ದೊಡ್ಡದಾಗಿ ಕಡುಗೆಂಪು ಜೀರುಂಡೆ. ಯುರೋಪಿನ, ಉತ್ತರ ಅಮೆರಿಕದ ಲಿಲ್ಲಿ ತೋಟಗಳ ದೊಡ್ಡ ಶತ್ರು ಇದು. ಇದರ ಮರಿಗಳು ತಮ್ಮದೇ ಹಿಕ್ಕೆಯನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತವೆ. ಚಿತ್ರವನ್ನು ನೋಡಿದವರು ತಮ್ಮ ಗಿಡದಲ್ಲಿ ಯಾವ ಕೆಂಪು ಹುಳು ಕಂಡರೂ ಇದೇ ಎಂದುಕೊಳ್ಳುತ್ತಾರಂತೆ. ಅಮ್ಮ ಇಲ್ಲಿ ಅದನ್ನು ಒಮ್ಮೆಯೂ ಕಂಡಿಲ್ಲ. ಮತ್ತೆ ಚಿತ್ರ ಯಾಕೆ ಎಂದೆ. “ಬಂದ್ರೆ ಗುರುತು ಸಿಗ್ಲಿ ಅಂತ” ಅಂದರು.

ನಡುವಿನ ಸಾಲೊಂದರಲ್ಲಿ ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕಿಗಳಿದ್ದವು. ದುಂಡಗಿಲ್ಲ, ಎರಡೂ ತುದಿ ಸ್ವಲ್ಪ ಚೂಪಾದ ಮೊಟ್ಟೆಯಾಕಾರ. ನಡುವೆ ಬಿಳಿಚಿಕೊಂಡು, ಸುತ್ತ ಕಂದುಗೆಂಪು ಅಂಚು. ಕೆಲವು ಒಂದಕ್ಕೊಂದು ಕೂಡಿ ಎಲೆ ಪೂರಾ ಒಣಗಿ ಕಾಂಡಕ್ಕೆ ಜೋತುಬಿದ್ದಿತ್ತು. ಬೋಟ್ರೈಟಿಸ್ ಎಂಬ ಶಿಲೀಂಧ್ರದ ಅಂಗಮಾರಿ ರೋಗ ಇದು, ಲಿಲ್ಲಿ ಬೆಳೆಯುವ ದೇಶಗಳಲ್ಲೆಲ್ಲ ಇದೆ. ಭೂತಗನ್ನಡಿ ಹಿಡಿದು ಒಣಗಿದ ಎಲೆಯನ್ನು ನೋಡಿದೆ, ಬೂದು ಬಣ್ಣದ ನವಿರು ಎಳೆಗಳು ಎದ್ದು ನಿಂತಿದ್ದವು. ಅದರ ಮೇಲಿನ ಬೀಜಕಣಗಳು ಗಾಳಿಗೆ, ನೀರಿನ ಹನಿಗೆ ಸಿಕ್ಕಿ ಪಕ್ಕದ ಗಿಡ ಸೇರುತ್ತವೆ. ಎಲೆ ಹಲವು ಗಂಟೆ ಒದ್ದೆಯಾಗಿಯೇ ಇದ್ದರೆ ಮೊಳೆಯುತ್ತವೆ. ಒಣ ಎಲೆಯ ಮೇಲೆ ಅದಕ್ಕೆ ದಾರಿ ಇಲ್ಲ.

ಈ ರೋಗಕ್ಕೂ ನಮ್ಮ ಕಡೆಯ ಕಾಫಿಗೂ ಒಂದು ಎಳೆಯ ನಂಟಿದೆ. 1880ರಿಂದ 1882ರವರೆಗೆ ಸಿಲೋನಿನಲ್ಲಿದ್ದು ಕಾಫಿಯ ಎಲೆತುಕ್ಕು ರೋಗದ ಬೆನ್ನುಹತ್ತಿದ ಇಂಗ್ಲಿಷ್ ಸಸ್ಯವಿಜ್ಞಾನಿಯೇ 1888ರಲ್ಲಿ ಲಿಲ್ಲಿಯ ಈ ಬಗೆಯ ಬೂಷ್ಟು ರೋಗದ ಬಗ್ಗೆ ಬರೆದದ್ದು. ಶಿಲೀಂಧ್ರದ ಎಳೆ ಕಿಣ್ವವೊಂದನ್ನು ಸುರಿಸಿ ಜೀವಕೋಶದ ಗೋಡೆಯನ್ನು ಕರಗಿಸಿಕೊಂಡು ಒಳನುಗ್ಗುತ್ತದೆ ಎಂದು ಆತ ತೋರಿಸಿದ. ಹೊಕ್ಕ ಮೇಲೆ ಹೊರಗೆ ಬಳಿದ ಔಷಧಿಗೆ ಅದು ಸಿಗುವುದಿಲ್ಲ. ಬಹುಪಾಲು ಶಿಲೀಂಧ್ರನಾಶಕಗಳು ರೋಗ ಬರುವ ಮುಂಚಿನ ಕಾವಲು, ಬಂದ ಮೇಲಿನ ಮದ್ದಲ್ಲ ಎನ್ನುವುದಕ್ಕೆ ಕಾರಣ ಇದೇ. ಈಗಾಗಲೇ ಬಿದ್ದ ಚುಕ್ಕಿ ಯಾವುದರಿಂದಲೂ ಹೋಗುವುದಿಲ್ಲ. ಹೊಸ ಎಲೆಗೆ ಬರುತ್ತಿದೆಯೇ ಇಲ್ಲವೇ ಎಂಬುದಷ್ಟೇ ಲೆಕ್ಕ.

ಹಾಗಾಗಿ ಇಲ್ಲಿನ ಚಿಕಿತ್ಸೆಯ ಹೆಚ್ಚಿನ ಪಾಲು ನೀರು ಮತ್ತು ಗಾಳಿಯ ಏರ್ಪಾಟು. ಹನಿ ನೀರಾವರಿಯ ಪೈಪು ಬುಡಕ್ಕೇ ನೀರು ಕೊಡುತ್ತದೆ, ಅದೂ ಬೆಳಗ್ಗೆ. ಸಂಜೆ ನೀರು ಬಿಟ್ಟರೆ ರಾತ್ರಿಯಿಡೀ ತೇವ ಉಳಿಯುತ್ತದೆ. ಗಿಡಗಳ ನಡುವೆ ಗಾಳಿಯಾಡುವಷ್ಟು ಅಂತರ, ಎರಡೂ ಬದಿಯ ಪರದೆ ಮಳೆ ನಿಂತ ಕೂಡಲೇ ಮೇಲಕ್ಕೆ. ಕೆಳಗೆ ಬಿದ್ದ ಎಲೆ, ಬಾಡಿದ ಹೂ ಆ ದಿನವೇ ಹೊರಗೆ. ಕೊಳೆತ ಎಲೆಯಲ್ಲಿ ಶಿಲೀಂಧ್ರ ಸಣ್ಣ ಕಪ್ಪು ಗಂಟುಗಳಾಗಿ ಮುಂದಿನ ಸಲಕ್ಕೆ ಕಾಯುತ್ತದೆ.

ಇನ್ನೊಂದು ಸಾಲಿನ ತುದಿಯ ಗಿಡದಲ್ಲೂ ಕಂದು ಕಲೆಗಳಿದ್ದವು. ಇದೂ ಅದೇ ಎಂದೆ. ಅಮ್ಮ ತಲೆಯಾಡಿಸಲಿಲ್ಲ. ಕಲೆ ಇದ್ದದ್ದು ಹೊರಮುಖದ ಎಲೆಗಳಲ್ಲಿ ಮಾತ್ರ, ಅದೂ ಪ್ಲಾಸ್ಟಿಕ್ ಹರಿದು ಬಿಸಿಲು ನೇರ ಬೀಳುವ ಕಡೆ. ಅಂಚು ಇರಲಿಲ್ಲ, ಬೂದು ಎಳೆಗಳೂ ಕಾಣಲಿಲ್ಲ. ಬಿಸಿಲಿನ ಸುಡುಗಾಯ ಇರಬಹುದು, ಕ್ಯಾಲ್ಸಿಯಂ ಕೊರತೆಯಿಂದ ಓರಿಯೆಂಟಲ್ ತಳಿಗಳ ಎಲೆ ಸುಡುವುದೂ ಇದೆ. ಯಾವುದೆಂದು ಅವರು ಖಚಿತವಾಗಿ ಹೇಳಲಿಲ್ಲ, ನನಗಂತೂ ಗೊತ್ತಾಗಲಿಲ್ಲ. ಒಂದು ಎಲೆ ಕಿತ್ತು ಒದ್ದೆ ಕಾಗದದ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರು. ಶಿಲೀಂಧ್ರವಾದರೆ ಒಂದೆರಡು ದಿನದಲ್ಲಿ ಬೂದು ಬೂಷ್ಟು ಏಳುತ್ತದೆ, ಬಿಸಿಲಿನದ್ದಾದರೆ ಸಾಧಾರಣವಾಗಿ ಏಳುವುದಿಲ್ಲ. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ.

ಹಳದಿ ಅಂಟು ಹಾಳೆಗಳು ಗಿಡದ ಎತ್ತರಕ್ಕೆ ತೂಗಾಡುತ್ತಿದ್ದವು. ಸಸ್ಯಹೇನು ಹಿಡಿಯುವುದಕ್ಕಿಂತ ಬಂದಿದೆಯೇ ಎಂದು ತಿಳಿಯುವುದಕ್ಕೆ ಅವು ಹೆಚ್ಚು ಉಪಯೋಗ. ಹೇನು ರಸ ಹೀರುವುದು ಸಣ್ಣ ನಷ್ಟ, ವೈರಸ್ ಹಚ್ಚುವುದು ದೊಡ್ಡದು. ರೋಗದ ಗಿಡಕ್ಕೆ ಕ್ಷಣ ಹೊತ್ತು ಸೊಂಡಿಲು ಚುಚ್ಚಿ ಪಕ್ಕದ ಗಿಡಕ್ಕೆ ಹಾರಿದರೆ ಸಾಕು, ಕೀಟನಾಶಕದಿಂದ ಹೇನು ಸಾಯುವ ಮೊದಲೇ ಕೆಲಸ ಆಗಿಹೋಗಿರುತ್ತದೆ. ತಿಳಿ ಹಳದಿ ಗೆರೆಗಳು, ಮುರುಟಿದ ಎಲೆ, ಬಣ್ಣ ಒಡೆದ ಹೂ ಇದರ ಗುರುತು. ಕೆಲವು ಗಿಡಗಳಲ್ಲಿ ಗುರುತೇ ಇರುವುದಿಲ್ಲ. ಟೈಗರ್ ಲಿಲ್ಲಿ ವೈರಸ್ ಹೊತ್ತೂ ಆರೋಗ್ಯವಾಗಿ ಕಾಣುತ್ತದೆ, ಪಕ್ಕದ ಬೇರೆ ಲಿಲ್ಲಿಗಳು ಸೊರಗುತ್ತವೆ. ವೈರಸ್‌ಗೆ ಯಾವ ಅಂಗಡಿಯಲ್ಲೂ ಔಷಧಿ ಇಲ್ಲ. ಗೇಟಿನ ಬಳಿಯ ಆ ಕಲ್ಲುಚಪ್ಪಡಿ ಯಾಕೆಂದು ಇಲ್ಲಿ ಅರ್ಥವಾಯಿತು.

ಪಾಲಿಹೌಸಿನ ಹಿಂದಿನ ಬಾಗಿಲಿಂದ ಹೊರಬಂದರೆ ಒಂದು ಪಾತಿ ಪೂರಾ ಖಾಲಿ. ಅಂಚಿನಲ್ಲಿ ಉಳಿದಿದ್ದ ಒಂದೇ ಲಿಲ್ಲಿ ಕಾಲಕ್ಕೆ ಮುಂಚೆ ಬುಡದಿಂದ ಹಳದಿಯಾಗುತ್ತಿತ್ತು. ಎಲೆಯಲ್ಲಿ ಚುಕ್ಕಿಯಿಲ್ಲ, ಅಡಿಯಲ್ಲಿ ಹೇನಿಲ್ಲ, ಕಾಂಡ ಗಟ್ಟಿಯಾಗಿದೆ. ಗೊಬ್ಬರ ಕಮ್ಮಿಯಾಗಿರಬಹುದೇ ಎಂದೆ. “ಮೇಲೆ ಏನೂ ಸಿಗದಿದ್ರೆ ಕೆಳಗೆ ನೋಡ್ಬೇಕು” ಎಂದು ಅವರು ಕೈಗುದ್ದಲಿಯಿಂದ ಗಿಡವನ್ನು ಎತ್ತಿದರು. ಗೆಡ್ಡೆಯ ತಳ ಚಾಕಲೇಟು ಬಣ್ಣಕ್ಕೆ ತಿರುಗಿತ್ತು, ಬೆರಳು ಮುಟ್ಟಿಸಿದರೆ ಪದರಗಳು ಒಂದೊಂದಾಗಿ ಕಳಚಿ ಬಿದ್ದವು. ತಳದಲ್ಲಿ ಬೇರು ಇರಲೇ ಇಲ್ಲ. ಗೆಡ್ಡೆಯ ಮೇಲ್ಗಡೆ, ಮಣ್ಣಿನೊಳಗಿನ ಕಾಂಡದಿಂದ ಹೊರಟಿದ್ದ ಇನ್ನೊಂದು ಸುತ್ತು ಬೇರಿನ ಬಲದಿಂದ ಗಿಡ ಇಷ್ಟು ದಿನ ನಿಂತಿತ್ತು. ಫ್ಯುಸೇರಿಯಂ ಶಿಲೀಂಧ್ರದ ತಳಕೊಳೆ ರೋಗ. ಗಾಯದ ಮೂಲಕ ಹೊಕ್ಕು, ಮಣ್ಣು ಬೆಚ್ಚಗಾದಷ್ಟೂ ಹೆಚ್ಚಿ, ಗಿಡ ಸತ್ತ ಮೇಲೂ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ.

ಇದಕ್ಕೆ ಮೇಲಿನಿಂದ ಸಿಂಪಡಿಸಿ ಪ್ರಯೋಜನವಿಲ್ಲ. ಆ ಪಾತಿಗೆ ಬರುವ ಬೇಸಿಗೆಯಲ್ಲಿ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬೇಯಿಸುವ ಯೋಚನೆ ಅವರದ್ದು. ಆಮೇಲೆ ಟ್ರೈಕೋಡರ್ಮಾ: ಒಂದು ಕಿಲೋ ಪುಡಿಯನ್ನು 100 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ, ಸ್ವಲ್ಪ ಬೇವಿನ ಹಿಂಡಿಯ ಜೊತೆ ಬೆರೆಸಿ, ನೆರಳಲ್ಲಿ ತೇವವಾಗಿ ಒಂದೆರಡು ವಾರ ಇಟ್ಟು ಮಣ್ಣಿಗೆ ಸೇರಿಸುವುದು. ಇದೂ ಶಿಲೀಂಧ್ರವೇ, ಆದರೆ ರೋಗದ ಶಿಲೀಂಧ್ರಗಳ ಜಾಗ ಕಸಿದುಕೊಳ್ಳುವಂಥದ್ದು. ಇದನ್ನು ಹಾಕಿದ ಮಣ್ಣಿಗೆ ತಾಮ್ರದ ದ್ರಾವಣ ಸುರಿದರೆ ಇದೂ ಸಾಯುತ್ತದೆ. ಇಷ್ಟೆಲ್ಲ ಮಾಡಿದರೂ ಆ ಪಾತಿಗೆ ಕೆಲವು ವರ್ಷ ಲಿಲ್ಲಿ ಬೇಡ, ಚೆಂಡುಹೂ ಹಾಕುವುದೆಂದು ತೀರ್ಮಾನವಾಗಿದೆ.

ಗೆಡ್ಡೆಯ ಕೋಣೆ ಕತ್ತಲು, ತಂಪು. ಹಿಪಿಯಾಸ್ಟ್ರಮ್ ಗೆಡ್ಡೆಗಳು ಕಂದು ಸಿಪ್ಪೆ ಹೊದ್ದು ಬಿದಿರಿನ ತಟ್ಟೆಯಲ್ಲಿ ಒಣಗಿ ಕೂತಿದ್ದವು. ಲಿಲಿಯಮ್ ಗೆಡ್ಡೆಗೆ ಸಿಪ್ಪೆಯೇ ಇಲ್ಲ, ಬಿಡಿ ಪದರಗಳಷ್ಟೇ. ಒಣಗಲು ಬಿಟ್ಟರೆ ಸಾಯುತ್ತದೆ, ಹಸಿ ಹೆಚ್ಚಾದರೆ ಕೊಳೆಯುತ್ತದೆ. ಅವುಗಳನ್ನು ನಸು ತೇವದ ತೆಂಗಿನ ನಾರಿನ ಪುಡಿಯಲ್ಲಿಟ್ಟು ಫ್ರಿಜ್ಜಿನೊಳಗೆ ಇಟ್ಟಿದ್ದರು. ಒಂದು ಗೆಡ್ಡೆಯ ಮುರಿದ ಪದರದ ಮೇಲೆ ನೀಲಿ ಹಸಿರು ಪುಡಿ. ಪೆನಿಸಿಲಿಯಂ ಬೂಷ್ಟು, ತಣ್ಣನೆಯಲ್ಲೂ ಗಾಯದ ಜಾಗದಲ್ಲಿ ಬೆಳೆಯುತ್ತದೆ. ಅದು ತಳದ ತಟ್ಟೆಯವರೆಗೆ ಇಳಿಯದಿದ್ದರೆ ಆ ಪದರ ಕಿತ್ತು ಗೆಡ್ಡೆ ನೆಡಬಹುದು. ಇನ್ನೊಂದರ ಮೆತ್ತಗಿನ ಭಾಗದಲ್ಲಿ ಮುತ್ತಿನ ಬಣ್ಣದ ನುಸಿಗಳು ನಿಧಾನಕ್ಕೆ ಓಡಾಡುತ್ತಿದ್ದವು. ಇವು ಕೊಳೆ ತಂದವೋ, ಕೊಳೆತದ್ದಕ್ಕೆ ಬಂದವೋ? ಗೆಡ್ಡೆ ನುಸಿ ಬಹುಮಟ್ಟಿಗೆ ಎರಡನೆಯ ಬಗೆಯದು, ಈ ಗೆಡ್ಡೆಯಲ್ಲಿ ಯಾವುದಾಯಿತೆಂದು ಹೇಳುವುದು ಕಷ್ಟ ಅಂದರು.

ಕೊನೆಗೂ ಮದ್ದಿನ ಕೋಣೆ. ಬೀಗ ಹಾಕಿದ ಸಣ್ಣ ಕೋಣೆಯಲ್ಲಿ ನಾನು ಅಂದುಕೊಂಡದ್ದಕ್ಕಿಂತ ಕಡಿಮೆ ಡಬ್ಬಗಳಿದ್ದವು. ಬೆನ್ನಿಗೆ ಕಟ್ಟುವ ಪಂಪುಗಳು ಎರಡು, ಕಳೆನಾಶಕಕ್ಕೆ ಬಳಸಿದ್ದನ್ನು ಇಲ್ಲಿ ತರುವುದಿಲ್ಲ. ಬೇವಿನ ಎಣ್ಣೆ, ಬಿಟಿ, ಟ್ರೈಕೋಡರ್ಮಾ, ಶಿಲೀಂಧ್ರನಾಶಕಗಳಾದ ಮ್ಯಾಂಕೋಜೆಬ್, ಕಾರ್ಬೆಂಡಜಿಮ್, ಮೂಲೆಯಲ್ಲಿ ಮೈಲುತುತ್ತ ಮತ್ತು ಸುಣ್ಣ. ಮಲೆನಾಡಿನವರಿಗೆ ಕೊನೆಯ ಎರಡನ್ನು ಪರಿಚಯಿಸಬೇಕಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದ ಮೊದಲು ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಆಗುವುದು ಇವೆರಡರಿಂದಲೇ. ಫ್ರಾನ್ಸಿನ ದ್ರಾಕ್ಷಿ ತೋಟಗಳ ಬೂಷ್ಟು ರೋಗಕ್ಕೆಂದು 1885ರಲ್ಲಿ ಪ್ರಕಟವಾದದ್ದು ನಮ್ಮ ಅಡಿಕೆಗೆ ಬಂತು, ಇಲ್ಲಿ ಲಿಲ್ಲಿಗೂ ಬಂದಿದೆ. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಕವಚ ಹತ್ತಿದರೆ ತಾಮ್ರ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಸುಣ್ಣ ಬೇಕು. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ.

ಕಾರ್ಬೆಂಡಜಿಮ್ ಡಬ್ಬದ ಮೇಲೆ ಕೈಬರಹದ ಚೀಟಿ: “ಎರಡು ಸಲ ಸತತ ಬೇಡ.” ಬೋಟ್ರೈಟಿಸ್ ಇಂಥ ಔಷಧಿಗಳಿಗೆ ಬೇಗ ಒಗ್ಗಿಕೊಳ್ಳುತ್ತದೆ, ಬೇರೆ ಗುಂಪಿನದ್ದನ್ನು ಸರದಿಯಲ್ಲಿ ಬಳಸದಿದ್ದರೆ ಸಾಯದೆ ಉಳಿದದ್ದೇ ತೋಟ ತುಂಬುತ್ತದೆ. ಬಾಗಿಲ ಹಿಂದೆ ಕೈಗವಸು, ಮುಖಕ್ಕೆ ಕಟ್ಟುವ ಬಟ್ಟೆ, ತುಂಬುತೋಳಿನ ಅಂಗಿ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ಪುಸ್ತಕ. ತೆರೆದು ನೋಡಿದೆ. ಪ್ರತಿ ಸಾಲಿನಲ್ಲಿ ಪಾತಿ, ಕಂಡದ್ದು, ಅನುಮಾನ, ಮಾಡಿದ್ದು, ಆಮೇಲೆ ಏನಾಯಿತು. ಔಷಧಿಯ ಹೆಸರಿದ್ದ ಸಾಲುಗಳು ನಿಜಕ್ಕೂ ಕಡಿಮೆ. “ಎಲೆ ತೆಗೆದೆವು”, “ನೀರು ಬದಲಿಸಿದೆವು”, “ಏನೂ ಮಾಡಲಿಲ್ಲ, ಸರಿಹೋಯಿತು” ಎಂಬವೇ ಹೆಚ್ಚು. ಅನುಮಾನದ ಅಂಕಣದಲ್ಲಿ ಕೆಲವು ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ.

ಕೋಣೆಯ ಹಿಂದೆ ಬೇಲಿಯಾಚೆ ರೋಗದ ಗಿಡ ಹಾಕುವ ಗುಂಡಿ, ತೋಟದ ಗೊಬ್ಬರದ ಗುಂಡಿಗಿಂತ ಬೇರೆ. ಮನೆಯ ಗೊಬ್ಬರದ ಗುಂಡಿ ಫ್ಯುಸೇರಿಯಂ ಸಾಯುವಷ್ಟು ಬಿಸಿಯಾಗುವುದಿಲ್ಲ, ಅಲ್ಲಿಗೆ ಹಾಕಿದ ಕೊಳೆತ ಗೆಡ್ಡೆ ಗೊಬ್ಬರವಾಗಿ ಮತ್ತೆ ಪಾತಿಗೆ ಬರುತ್ತದೆ. ಅಗೆದು ತೆಗೆದ ತಳಕೊಳೆಯ ಗಿಡ, ನುಸಿ ಹತ್ತಿದ ಕುಂಡ, ವೈರಸ್ ಗೆರೆಯ ಲಿಲ್ಲಿ ಎಲ್ಲ ಇಲ್ಲಿಗೇ. ಹೂ ಬಿಡುತ್ತಿರುವ ಗಿಡವನ್ನೂ ಎಸೆಯುತ್ತೀರಾ ಎಂದು ಕೇಳಿದೆ. “ಮನಸ್ಸು ಬರೂದಿಲ್ಲ. ಆದ್ರೆ ಒಂದನ್ನು ಇಟ್ಕೊಂಡ್ರೆ ಮುಂದಿನ ವರ್ಷ ಹತ್ತನ್ನು ಎಸೀಬೇಕು.”

ಗುಂಡಿಯ ಪಕ್ಕವಲ್ಲ, ಸಾಕಷ್ಟು ದೂರದ ಕಟ್ಟೆಯ ಮೇಲೆ ಬೀಜದ ಸಸಿಗಳ ತಟ್ಟೆಗಳಿದ್ದವು. ಗೆಡ್ಡೆಯಿಂದ ಗೆಡ್ಡೆಗೆ ವೈರಸ್ ದಾಟುತ್ತದೆ, ಲಿಲ್ಲಿಯ ಬೀಜದ ಮೂಲಕ ಸಾಮಾನ್ಯವಾಗಿ ದಾಟುವುದಿಲ್ಲ. ಬಿಳಿ ಹೂವಿನ ಫಾರ್ಮೋಸಾ ಲಿಲ್ಲಿ ಬಿತ್ತಿದ ವರ್ಷದೊಳಗೇ ಹೂ ಬಿಡಬಲ್ಲದು, ಉಳಿದ ಜಾತಿಗಳಿಗೆ ಕೆಲವು ವರ್ಷ ಕಾಯಬೇಕು. ಎಸೆದದ್ದರ ಜಾಗ ತುಂಬುವುದು ಇಲ್ಲಿಂದ.

ಹೊರಡುವಾಗ ಪರಿಚಯದವರ ಆ ಪ್ರಶ್ನೆಯನ್ನು ನೇರವಾಗಿ ಕೇಳಿಯೇಬಿಟ್ಟೆ, ಯಾವ ಔಷಧಿ ಅಂತ ಹೇಳಲಿ? ಅಮ್ಮ ಔಷಧಿಯ ಹೆಸರು ಹೇಳಲಿಲ್ಲ, ಪ್ರಶ್ನೆಗಳನ್ನು ಹೇಳಿದರು. ಎಲೆ ಹರಿದಿದೆಯೋ, ಕಲೆಯಾಗಿದೆಯೋ, ಬರೀ ಹಳದಿಯೋ? ಅಡಿಭಾಗದಲ್ಲಿ ಏನಿದೆ? ಹಳೆ ಎಲೆಗೋ, ಹೊಸತಕ್ಕೋ? ಒಂದು ಗಿಡಕ್ಕೋ, ಸಾಲಿಗೋ? ನೀರು ಯಾವ ಹೊತ್ತಿಗೆ, ಎಲ್ಲಿಗೆ ಹಾಕುತ್ತಾರೆ? ಇಷ್ಟಕ್ಕೂ ತಿಳಿಯದಿದ್ದರೆ ಗೆಡ್ಡೆ ಎತ್ತಿ ನೋಡಲಿ. ಅದೆಲ್ಲ ನೋಡಿ ಬಂದವರಲ್ಲಿ ಅರ್ಧದಷ್ಟು ಜನಕ್ಕೆ ಔಷಧಿ ಬೇಕಾಗುವುದೇ ಇಲ್ಲವಂತೆ. ಉಳಿದವರಿಗೆ ಬೇಕಾದದ್ದು ಯಾವುದೆಂದು ಆಗ ಹೇಳಬಹುದು.